ಇಳಿಯುವ ದಾರಿ

ನಾಲ್ಕು ಗ್ಯಾರೇಜು ತಿರುಗಿ ಬಂದ ಗಾಡಿ.
ಎಲ್ಲರದೂ ಒಂದೇ ಮಾತು:
‘ಟರ್ಬೋ ಹೋಗಿದೆ ಮೇಡಂ, ಹೊಸದು ಹಾಕಿಸಿ,
ಅರವತ್ತು ಸಾವಿರ.’
ಮಾಯಕೊಂಡದ ದನದ ಡಾಕ್ಟರು ನೀಲಾಂಬಿಕೆ
ಕೀಲಿಕೈಯನ್ನು ನನ್ನ ಟೂಲ್ ಬಾಕ್ಸಿನ ಮೇಲಿಟ್ಟು
‘ನೀವೊಂದ್ಸಲ ನೋಡ್ರಿ, ಮೌಲಾಸಾಬ್ರೆ’ ಅಂದರು.
ಅಷ್ಟರಲ್ಲೇ ಗಾಡಿಯಡಿ
ಎರಡು ರೂಪಾಯಿ ನಾಣ್ಯದಗಲ ಕಪ್ಪು.

ಎಣ್ಣೆ ಬೀಳುವ ಜಾಗ ಸೋರುವ ಜಾಗವಲ್ಲ.
ಗಾಳಿ ಹಿಂದಕ್ಕೆಳೆಯುತ್ತೆ,
ಬೋಲ್ಟಿನಿಂದ ಬೋಲ್ಟಿಗೆ ದಾಟಿ
ಯಾರದೋ ತಪ್ಪು ಇನ್ಯಾರದೋ ಬುಡದಲ್ಲಿ ತೊಟ್ಟಿಕ್ಕುತ್ತೆ.
ಅದಕ್ಕೇ ಮೊದಲು ತೊಳೆಯಬೇಕು.
ತಿಪ್ಪೇಶ ಡೀಸೆಲ್ಲು, ಬ್ರಶ್ಶು ಹಿಡಿದು ಮಧ್ಯಾಹ್ನದ ತನಕ ಉಜ್ಜಿದ.
ಒಣಗಿದ ಮೇಲೆ ಕೂಸಿನ ಪೌಡರ್ ಉದುರಿಸಿದೆ.
ಜಳಕ ಮಾಡಿಸಿಕೊಂಡ ಮಗುವಿನ ಹಾಗೆ
ಘಮಘಮ ಅಂತ ಕೂತಿತ್ತು ಅಷ್ಟೂ ಕಬ್ಬಿಣ.

ಕೈ ಒರೆಸಲು ವೇಸ್ಟು, ದಾರದ ಸಿಕ್ಕು.
ನಮ್ಮಪ್ಪ ಪಿಂಜಾರ, ಇದೇ ಓಣಿಯಲ್ಲಿ ಅರಳೆ ಹಿಂಜಿದವನು.
ಬಿಲ್ಲಿನ ನರ ಠಣ್ಣೆಂದರೆ
ಒಳಗೆ ಬೀಜ ಉಳಿದಿದೆಯೋ ಇಲ್ಲವೋ
ಸದ್ದಿನಲ್ಲೇ ಹೇಳುತ್ತಿದ್ದ.
ಮಿಲ್ಲಿನ ಸೈರನ್ನು ನಿಂತಿತು, ಹಾಸಿಗೆಗೆ ಫೋಮ್ ಬಂತು,
ಬಿಲ್ಲು ಅಟ್ಟ ಹತ್ತಿತು.
ನನ್ನ ಪಾಲಿಗೆ ಉಳಿದದ್ದು ಅವನ ಕಿವಿ,
ಮತ್ತೆ ಎಣ್ಣೆ ಕುಡಿಯುವ ಈ ಹತ್ತಿ.

ಬಾತಿ ಗುಡ್ಡದ ಏರಿನಲ್ಲಿ, ಮೂರನೇ ಗೇರಿನಲ್ಲಿ
ಟರ್ಬೋ ಎದ್ದಿತು. ಸಣ್ಣಗೆ, ಸೀಳಿಲ್ಲದ ಸಿಳ್ಳೆ;
ನರ ಮಿಡಿದಂಥದೇ ದನಿ, ಎಷ್ಟೋ ಪಟ್ಟು ಮೇಲಿನ ಶ್ರುತಿಯಲ್ಲಿ.
‘ಇದಕ್ಕೇನೂ ಆಗಿಲ್ಲ’ ಅಂದೆ.
ಡಾಕ್ಟರು ಮಾತಾಡಲಿಲ್ಲ. ಅವರೂ ಕೇಳಿಸಿಕೊಳ್ಳುತ್ತಿದ್ದರು,
ಬಾಯಿಲ್ಲದವುಗಳ ಜೊತೆ ಇದ್ದು ರೂಢಿ.

ವಾಪಸ್ ಬಂದು ಬಾನೆಟ್ ಎತ್ತಿದರೆ
ಬಿಳೀ ಪೌಡರಿನಲ್ಲಿ ಒಂದೇ ಒಂದು ಒದ್ದೆ ಗೆರೆ,
ಟರ್ಬೋದ ಹೊಟ್ಟೆಯಡಿಯಿಂದ.
ಹೋಸು ಬಿಚ್ಚಿ ಚಕ್ರ ಅಲುಗಿಸಿದೆ:
ಕೂದಲೆಳೆಯಷ್ಟು ಆಟ. ಅಷ್ಟು ಇರಲೇಬೇಕು.

ಎಣ್ಣೆಗೆ ಹತ್ತಲು ಪಂಪಿನ ಬಲವಿದೆ,
ಇಳಿಯಲು ಯಾರೂ ಇಲ್ಲ.
ನಿಮಿಷಕ್ಕೆ ಲಕ್ಷ ಸುತ್ತುವ ಸಲಾಕೆಯನ್ನು ತಣಿಸಿ,
ತಾನು ಕಾದು, ನೊರೆಯಾಗಿ,
ಬೆರಳುದಪ್ಪದ ಕೊಳವೆಯಲ್ಲಿ
ತನ್ನ ಭಾರಕ್ಕೆ ತಾನೇ ಇಳಿಯಬೇಕು.
ಆ ದಾರಿ ಕಟ್ಟಿದರೆ ಸೀಲು ಏನು ಮಾಡೀತು?
ಅದು ಕದವಲ್ಲ, ಬರೀ ಪರದೆ.

ಎರಡು ಬೋಲ್ಟು. ಹತ್ತರ ಸ್ಪ್ಯಾನರ್.
ಕೊಳವೆ ಬಿಚ್ಚಿ ಬೆಳಕಿಗೆ ಹಿಡಿದೆ.
ಅರ್ಧ ಚಂದ್ರ.
ಮಿಕ್ಕರ್ಧ ಒಳಕ್ಕೆ ಚಾಚಿದ ಬೂದು ಸಿಲಿಕಾನಿನ ತುಟಿ,
ಅದಕ್ಕಂಟಿ ಸೀದ ಎಣ್ಣೆಯ ಹಕ್ಕಳೆ.
ಗ್ಯಾಸ್ಕೆಟ್ಟೇ ಇಲ್ಲ. ಯಾರೋ ಪೇಸ್ಟು ಹಿಂಡಿ ಬಿಗಿದಿದ್ದಾರೆ.
‘ಯಾವ ಬೇಕೂಫ—’
ಬಾಯಿಗೆ ಬಂದದ್ದು ಅಲ್ಲೇ ನಿಂತಿತು.

ಸಿಲಿಕಾನಿನ ಅಂಚಿನಲ್ಲಿ ಹೆಬ್ಬೆರಳಿನ ಅಚ್ಚು,
ಅದರ ನಡುವೆ ಒಂದು ಅಡ್ಡಗೀಟು.
ಫ್ಯಾನಿನ ರೆಕ್ಕೆಗೆ ಸಿಕ್ಕಿ ಐದು ಹೊಲಿಗೆ ಬಿದ್ದ
ನನ್ನದೇ ಹೆಬ್ಬೆರಳು.
ಎರಡು ರಂಜಾನಿನ ಹಿಂದೆ; ಆಗಿದು ಹರಿಹರದ ಟ್ಯಾಕ್ಸಿ,
ಹಳದಿ ಬೋರ್ಡು. ಇಫ್ತಾರಿಗೆ ಹತ್ತು ನಿಮಿಷ.
ಗ್ಯಾಸ್ಕೆಟ್ ಹರಿದಿತ್ತು. ಅಂಗಡಿ ದೂರವೇನೂ ಇರಲಿಲ್ಲ.

ಉಗುರಿನಿಂದ ಒಮ್ಮೆ ಕೆರೆದಿದ್ದರೆ ಮುಗಿಯುತ್ತಿತ್ತು.
ತಿಪ್ಪೇಶ ನೋಡುತ್ತಿದ್ದ.
ಕೊಳವೆಯನ್ನು ಡಾಕ್ಟರ ಅಂಗೈಗೆ ಕೊಟ್ಟು
ಪಕ್ಕದಲ್ಲಿ ನನ್ನ ಹೆಬ್ಬೆರಳಿಟ್ಟೆ.
ಅವರು ಅದನ್ನೂ ಇದನ್ನೂ ನೋಡಿದರು.
‘ಆನಗೋಡಿನಲ್ಲಿ ಒಂದು ಎಮ್ಮೆಗೆ ಹೊಲಿಗೆ ಹಾಕಿದ್ದೆ,
ಹತ್ತಿ ಒಳಗೇ ಬಿಟ್ಟಿದ್ದೆ’ ಅಂದರು.
‘ಎಮ್ಮೆ ಹೇಳಲಿಲ್ಲ. ಕೀವು ಹೇಳಿತು.’
ಎಮ್ಮೆ ಉಳಿಯಿತಾ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.

ಕೊಳವೆ ಕೆರೆದು, ಸೀಮೆಎಣ್ಣೆಯಲ್ಲಿ ನೆನೆಸಿ, ಊದಿ,
ನಲವತ್ತು ರೂಪಾಯಿಯ ಗ್ಯಾಸ್ಕೆಟ್ ಕೂರಿಸಿದೆ.
ರಾತ್ರಿ ಅಡಿಗೆ ಹಾಸಿದ ರಟ್ಟು
ಬೆಳಗ್ಗೆ ರಟ್ಟಾಗಿಯೇ ಇತ್ತು.
‘ದೂರದಿಂದ ಬಂದ ಕೂಡಲೇ ಆಫ್ ಮಾಡಬೇಡಿ,
ಅರವತ್ತು ಎಣಿಸಿ. ಮೇಲಿದ್ದದ್ದು ತಣ್ಣಗಾಗಿ ಇಳಿಯಲಿ.’

ಅಪ್ಪನ ಬಿಲ್ಲು ಅಟ್ಟದ ಮೇಲಿದೆ.
ಈ ಬಿಲ್ಲು ನಾನು ಬರೆಯಲಿಲ್ಲ.

ಸಂಜೆ ಸಾಮಾನು ಜೋಡಿಸುತ್ತ ತಿಪ್ಪೇಶ
ಸಿಲಿಕಾನ್ ಟ್ಯೂಬು ಹಿಡಿದು ನಿಂತ:
‘ಇದನ್ನೆಲ್ಲಿ ಇಡ್ಲಿ, ಉಸ್ತಾದ್?’
ಕಣ್ಣಿಗೆ ಕಾಣೋ ಕಡೆ ಇಡು, ಅಂದೆ.